ಮುಳುಗದ ಕಣಿವೆಯಲ್ಲಿ ಒಂದು ದಿನ



ಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಪ್ರತಿ ವರ್ಷವೂ ಕೇಳುತ್ತಾರೆ. ಈ ಸಲ ಮಾತ್ರ ಒಂದು ಷರತ್ತು ಹಾಕಿದ್ದಾರೆ. "ಯುವಕರು ಓದುವಂಥದ್ದಾಗಿರಲಿ, ಉಪದೇಶ ಬೇಡ" ಎಂದಿದ್ದಾರೆ. ಅರವತ್ತು ದಾಟಿದವನಿಗೆ ಉಪದೇಶ ಬಿಟ್ಟು ಬರೆ ಎಂದರೆ ಉಪ್ಪಿಲ್ಲದೆ ಸಾರು ಮಾಡು ಎಂದ ಹಾಗೆ. ಆದರೂ ಪ್ರಯತ್ನಿಸುತ್ತೇನೆ. ನಿಮ್ಮಲ್ಲಿ ಹದಿನಾರು ಮಂದಿಯ ಜೊತೆ 2023ರ ಫೆಬ್ರವರಿಯಲ್ಲಿ ನಾನು ಸೈಲೆಂಟ್ ವ್ಯಾಲಿಗೆ ಬಂದಿದ್ದೆನಲ್ಲ, ಅದರ ಕಥೆ ಇದು. ಬಾರದಿದ್ದವರಿಗೆ ಅದೊಂದು ಪ್ರವಾಸ ಕಥನವಾಗಿರಲಿ. ಬಂದವರಿಗೆ, ಅಂದು ಹೊಳೆಯ ದಡದಲ್ಲಿ ನಾನು ಏಕೆ ಒಮ್ಮೆಲೇ ಸುಮ್ಮನಾದೆ ಎಂಬುದಕ್ಕೆ ತಡವಾದ ಉತ್ತರ.

ಬೆಳಗಿನ ಜಾವ ನಾಲ್ಕಕ್ಕೆ ತ್ರಿಪ್ಪುಣಿತ್ತುರದ ಬಸ್ ನಿಲ್ದಾಣದ ಬಳಿ ಸೇರಬೇಕೆಂದು ತೀರ್ಮಾನವಾಗಿತ್ತು. ನಾಲ್ಕಕ್ಕೆ ಬಂದವರು ನಾನೊಬ್ಬ ಮತ್ತು ವ್ಯಾನಿನ ಚಾಲಕ. ಉಳಿದವರು ಬರುವ ಹೊತ್ತಿಗೆ ಪೂರ್ಣತ್ರಯೀಶನ ದೇವಸ್ಥಾನದ ಕಡೆಯಿಂದ ಶಂಖದ ಸದ್ದು ಕೇಳಿಸಿತು. ತ್ರಿಶೂರು, ಚೆರ್ಪುಳಶ್ಶೇರಿ, ಮಣ್ಣಾರ್ಕಾಡು ಹಾದು, ಅಟ್ಟಪ್ಪಾಡಿಯ ಘಟ್ಟದ ತಿರುವುಗಳನ್ನು ಏರಿ ಮುಕ್ಕಾಲಿ ತಲುಪಬೇಕು. ನೂರೈವತ್ತು ಕಿಲೋಮೀಟರಿಗೂ ಹೆಚ್ಚಿನ ದಾರಿ. ವ್ಯಾನಿನಲ್ಲಿ ಹಾಡು ಮಲಯಾಳದ್ದು, ಜಗಳ ಇಂಗ್ಲಿಷಿನದು, ತಿಂಡಿ ಮಾತ್ರ ನಮ್ಮದು. ಯಾರದೋ ಮನೆಯ ಅವಲಕ್ಕಿ, ಇನ್ಯಾರದೋ ಮನೆಯ ಚಕ್ಕುಲಿ. ಘಟ್ಟದ ಮೂರನೆಯ ತಿರುವಿನಲ್ಲಿ ಇಬ್ಬರು ಆ ಅವಲಕ್ಕಿಯನ್ನು ವಾಪಸು ಕೊಟ್ಟರು. ಹೆಸರು ಹೇಳುವುದಿಲ್ಲ, ಹೆದರಬೇಡಿ.

ಮುಕ್ಕಾಲಿಯಿಂದ ಮುಂದೆ ಸ್ವಂತ ವಾಹನ ಬಿಡುವುದಿಲ್ಲ. ಅರಣ್ಯ ಇಲಾಖೆಯ ಅನುಮತಿ ಪಡೆದು, ಮಾರ್ಗದರ್ಶಕರ ಜೊತೆ ಜೀಪಿನಲ್ಲಿ ಇಪ್ಪತ್ತಮೂರು ಕಿಲೋಮೀಟರು ಹೋಗಬೇಕು. ಹೋಗುವ ಆಸೆಯಿದ್ದವರು ಮೊದಲೇ ವಿಚಾರಿಸಿ ಹೊರಡಿ. ಮಳೆಗಾಲವಾದರೆ ಜಿಗಣೆಗೆ ಉಪ್ಪೋ ಹೊಗೆಸೊಪ್ಪಿನ ಪುಡಿಯೋ ಜೇಬಿನಲ್ಲಿರಲಿ. ಕಣ್ಣು ಕುಕ್ಕುವ ಬಣ್ಣದ ಅಂಗಿ ಬೇಡ. ಇನ್ನು, ಅಲ್ಲಿ ಮೊಬೈಲಿಗೆ ಸಿಗ್ನಲ್ ಸಿಗಲಿಲ್ಲ. ಆ ಸಂಕಟವನ್ನು ಹೇಗೆ ತಾಳಿಕೊಳ್ಳಬೇಕೆಂದು ನನಗಿಂತ ಚೆನ್ನಾಗಿ ನಿಮಗೇ ಗೊತ್ತು.

ಜೀಪು ನಿಲ್ಲುವ ಜಾಗದ ಹೆಸರು ಸೈರಂಧ್ರಿ. ಈ ಹೆಸರು ಕೇಳಿ ನಿಮ್ಮಲ್ಲಿ ಒಬ್ಬಳು "ಅಂಕಲ್, ಕೀಚಕವಧಂ!" ಎಂದು ಕೂಗಿದಳು. ತ್ರಿಪ್ಪುಣಿತ್ತುರದಲ್ಲಿ ಹುಟ್ಟಿ ಬೆಳೆದವಳಿಗೆ ಕಥಕಳಿ ಗೊತ್ತಿರುವುದು ಆಶ್ಚರ್ಯವಲ್ಲ. ನನಗೆ ನೆನಪಾದದ್ದು ನಮ್ಮ ಯಕ್ಷಗಾನದ ಕೀಚಕವಧೆ. ವಿರಾಟನ ಅರಮನೆಯಲ್ಲಿ ಸೈರಂಧ್ರಿಯಾಗಿ ದುಡಿದ ದ್ರೌಪದಿಯ ಹೆಸರು ಈ ಕಾಡಿಗೆ. ಅವಳ ಅತ್ತೆ ಕುಂತಿಯ ಹೆಸರು ಕೆಳಗಿನ ಹೊಳೆಗೆ, ಕುಂತಿಪುಳ. ಪುಳ ಎಂದರೆ ಬೇರೇನಲ್ಲ, ನಮ್ಮ ಹೊಳೆಯೇ. ಹಳೆಗನ್ನಡದ ಎಷ್ಟೋ ಪಕಾರಗಳು ನಮ್ಮ ಬಾಯಲ್ಲಿ ಹಕಾರವಾದವು, ಅವರು ಪಕಾರವನ್ನು ಉಳಿಸಿಕೊಂಡರು. ಆ ಕಾರಣಕ್ಕೆ, ನೀವು ಮಲಯಾಳ ಚೆನ್ನಾಗಿ ಮಾತಾಡುತ್ತೀರಿ ಎಂದು ನಾನು ಎಂದೂ ಬೇಸರಪಟ್ಟವನಲ್ಲ. ಅಮ್ಮನ ತಂಗಿಯ ಮನೆಯಲ್ಲಿ ಬೆಳೆದ ಹಾಗೆ ಅದು.

ಸೈರಂಧ್ರಿಯಲ್ಲಿ ಎತ್ತರದ ಕಾವಲು ಗೋಪುರವಿದೆ. ಏರಿದರೆ ಕೆಳಗೆ ಹಸಿರು, ಅದರಾಚೆ ಕಪ್ಪು ಹಸಿರು, ಅದರಾಚೆ ನೀಲಿ. ಎಲ್ಲಿಯೂ ಒಂದು ಛಾವಣಿ ಕಾಣುವುದಿಲ್ಲ, ಒಂದು ತಂತಿ ಕಾಣುವುದಿಲ್ಲ. ಗೋಪುರ ಇಳಿದು ಒಂದೂವರೆ ಕಿಲೋಮೀಟರು ನಡೆದರೆ ಹೊಳೆ, ಮೇಲೊಂದು ತೂಗುಸೇತುವೆ. ಚಾರಣವೆಂದರೆ ಇಷ್ಟೇನಾ ಎಂದು ಕೆಲವರು ಮುಖ ಸಣ್ಣ ಮಾಡಿದಿರಿ. ಇಷ್ಟೇ. ಅದರಾಚೆಗೆ ನಮ್ಮಂಥವರನ್ನು ಬಿಡದಿರುವುದರಿಂದಲೇ ಅದು ಉಳಿದಿದೆ.

ಆ ಒಂದೂವರೆ ಕಿಲೋಮೀಟರು ನಡೆಯಲು ನಮಗೆ ಎರಡು ಗಂಟೆ ಹಿಡಿಯಿತು. ಮರಗಳ ಬೇರು ಗೋಡೆಯಂತೆ ಆಳೆತ್ತರ ಎದ್ದು ನಿಂತಿತ್ತು. ಬಿದ್ದ ಮರದ ಮೇಲೆ ಪಾಚಿ, ಪಾಚಿಯ ಮೇಲೆ ಜರಿಗಿಡ, ಜರಿಗಿಡದ ಮೇಲೆ ಹೆಸರು ತಿಳಿಯದ ಹುಳು. ಇದ್ದಕ್ಕಿದ್ದಂತೆ ಕೊಂಬೆಯೊಂದು ಅಲುಗಿತು, ಕಪ್ಪಗೆ ಏನೋ ಹಾರಿತು. "ಸಿಂಹವಾಲನ್! ಸಿಂಹವಾಲನ್!" ಎಂದು ಹದಿನಾರು ಬಾಯಿ ಒಟ್ಟಿಗೆ ಕೂಗಿದವು. ಹೆಸರಿಗೆ ತಕ್ಕ ಹಾಗೆ ಮೌನವಾಗಿದ್ದ ಕಣಿವೆ ಅಂದು ನಮ್ಮಿಂದ ಆ ಹೆಸರು ಕಳೆದುಕೊಂಡಿತು. ಅಟ್ಟಪ್ಪಾಡಿಯ ಆದಿವಾಸಿ ಮಾರ್ಗದರ್ಶಕ ನಕ್ಕು, ಅದು ಕರಿಮುಸುವ, ಬಾಲದ ತುದಿ ನೋಡಿ, ಕುಚ್ಚಿಲ್ಲ, ಮುಖದ ಸುತ್ತ ಬಿಳಿ ಕೇಸರವೂ ಇಲ್ಲ ಎಂದ. ಸಿಂಹವಾಲನ್ ಎಂದು ನೀವು ಕರೆಯುವ ಪ್ರಾಣಿಗೆ ಕನ್ನಡದಲ್ಲಿ ಸಿಂಗಳೀಕ ಎನ್ನುತ್ತಾರೆ. ಜಗತ್ತಿನಲ್ಲಿ ಪಶ್ಚಿಮ ಘಟ್ಟದ ಕಾಡು ಬಿಟ್ಟರೆ ಬೇರೆಲ್ಲೂ ಅದಕ್ಕೆ ಮನೆಯಿಲ್ಲ. ಇಲ್ಲಿ ಅದರ ಮುಖ್ಯ ಆಹಾರ ವೆಡಿಪ್ಲಾವು ಎಂಬ ಮರ. ನಾವು ಹೋದಾಗ ಆ ಮರದ ಕಂದುಹಳದಿ ಹೂಗಳು ದಾರಿಯುದ್ದಕ್ಕೂ ಉದುರಿದ್ದವು. ಕೆಲವನ್ನು ಯಾರೋ ಕಚ್ಚಿ ಎಸೆದಿದ್ದರು. "ಇವತ್ತು ಬೆಳಿಗ್ಗೆ ಇಲ್ಲೇ ಇದ್ದವು" ಎಂದ ಮಾರ್ಗದರ್ಶಕ. ಅಂದು ನಮಗೆ ಸಿಕ್ಕ ಸಿಂಗಳೀಕ ದರ್ಶನ ಆ ಎಂಜಲು ಹೂವಿನಷ್ಟೇ.

ಇನ್ನು ಹೊಳೆಯ ದಡದ ಮಾತು.

ತೂಗುಸೇತುವೆಯ ಬಳಿ ಹೊಳೆ ಕಿರಿದಾದ ಕಮರಿಯೊಳಗೆ ನುಗ್ಗುತ್ತದೆ. ಅಣೆಕಟ್ಟು ಕಟ್ಟಬೇಕೆಂದಿದ್ದುದು ಈ ಸೀಮೆಯಲ್ಲೇ ಎಂದು ಮಾರ್ಗದರ್ಶಕ ಕೈ ತೋರಿಸಿದ. ನಿಮಗೆ ಇದು ಶಾಲೆಯ ಪುಸ್ತಕದ ಪಾಠ, ನನಗೆ ಕಿವಿಯಾರೆ ಕೇಳಿದ ಗಲಾಟೆ. ನಾನು 1981ರಲ್ಲಿ ಅಂಬಲಮುಗಳಿನ ಕಡೆಯ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಬಂದೆ. ಆಗ ನನಗೆ ಮಲಯಾಳ ಬರುತ್ತಿರಲಿಲ್ಲ. ಕ್ಯಾಂಟೀನಿನ ಮಾತುಗಳಲ್ಲಿ ಅರ್ಥವಾಗುತ್ತಿದ್ದುದು ಎರಡೇ ಪದ, 'ಚಾಯ' ಮತ್ತು 'ಸೈಲೆಂಟ್ ವ್ಯಾಲಿ'. ಮೇಜಿನ ಆ ಕಡೆ ಒಂದು ಗುಂಪು, ಈ ಕಡೆ ಒಂದು ಗುಂಪು. ನಡುವೆ ನನ್ನ ಚಹಾ ಆರಿ ಹೋಗುತ್ತಿತ್ತು.

ಅಣೆಕಟ್ಟು ಬೇಕೆಂದವರು ಕೆಟ್ಟವರಾಗಿರಲಿಲ್ಲ, ಇದನ್ನು ನೀವು ತಿಳಿದಿರಬೇಕು. ಮಲಬಾರಿನಲ್ಲಿ ಕರೆಂಟಿಗೆ ಬರ, ಕಾರ್ಖಾನೆಗಳಿಲ್ಲ, ಕೆಲಸವಿಲ್ಲ. 120 ಮೆಗಾವ್ಯಾಟಿನ ಯೋಜನೆಗೆ 1973ರಲ್ಲೇ ಯೋಜನಾ ಆಯೋಗ ಒಪ್ಪಿಗೆ ಕೊಟ್ಟಿತ್ತು. ಮುಳುಗುವುದು 830 ಹೆಕ್ಟೇರು ಕಾಡು ಮಾತ್ರ, ಒಂದು ಮನೆಯೂ ಅಲ್ಲ ಎಂಬುದು ಅವರ ವಾದ. ಎದುರು ನಿಂತವರು ಯಾರು? ಕಾಲೇಜಿನ ಮೇಷ್ಟ್ರುಗಳು, ಸಸ್ಯಶಾಸ್ತ್ರಜ್ಞರು, ವಿದ್ಯಾರ್ಥಿಗಳು, ಕವಿಗಳು. ಕೇರಳ ಶಾಸ್ತ್ರಸಾಹಿತ್ಯ ಪರಿಷತ್ತಿನವರು ಊರೂರು ತಿರುಗಿ ಲೆಕ್ಕ ಬಿಡಿಸಿ ಹೇಳಿದರು. ಸುಗತಕುಮಾರಿಯವರಂಥ ಕವಿಗಳು ಮರಕ್ಕಾಗಿ ಪದ್ಯ ಬರೆದಾಗ ನಮ್ಮ ಕ್ಯಾಂಟೀನಿನ ಒಂದು ಗುಂಪು ಹೊಟ್ಟೆ ಹಿಡಿದುಕೊಂಡು ನಕ್ಕಿತು, ಮಂಗನಿಗಾಗಿ ಕವಿಗೋಷ್ಠಿ ಎಂದು. ಕೊನೆಗೆ 1983ರ ನವೆಂಬರಿನಲ್ಲಿ ಯೋಜನೆ ಕೈಬಿಟ್ಟರು. 1984ರ ನವೆಂಬರ್ 15ರಂದು ಕಣಿವೆ ರಾಷ್ಟ್ರೀಯ ಉದ್ಯಾನವಾಯಿತು, ಮರುವರ್ಷ ಸೆಪ್ಟೆಂಬರಿನಲ್ಲಿ ರಾಜೀವ್ ಗಾಂಧಿ ಬಂದು ಉದ್ಘಾಟಿಸಿದರು. ಉದ್ಯಾನದ ವಿಸ್ತಾರ 89.52 ಚದರ ಕಿಲೋಮೀಟರು.

ಇದನ್ನೆಲ್ಲ ನಾನು ದಡದ ಬಂಡೆಯ ಮೇಲೆ ಕೂತು ಸ್ವಲ್ಪ ಜಂಬದಿಂದಲೇ ನಿಮಗೆ ಹೇಳುತ್ತಿದ್ದೆ. ಆಗ ನನ್ನ ಮಗಳು ಕೇಳಿದಳು.

"ಅಪ್ಪಾ, ಇಲ್ಲಿ ಯಾರ ಮನೆಯೂ ಇರಲಿಲ್ಲ. ಆದರೂ ಇಷ್ಟು ಜನ ಬಂದರು. ನಮ್ಮಲ್ಲಿ ಮನೆಗಳೇ ಇದ್ದವಲ್ಲ, ಆಗ ಯಾರು ಬಂದರು?"

ನಾನು ಸುಮ್ಮನಾದೆ. ಊಟದ ಹೊತ್ತಾಯಿತು, ಜೀಪು ಕಾಯುತ್ತಿದೆ ಎಂದು ಎದ್ದೆ. ಜೀಪು ಕಾಯುತ್ತಿರಲಿಲ್ಲ, ನಿಮಗೂ ಗೊತ್ತಿತ್ತು.

ನಮ್ಮಲ್ಲಿ ಎಂದರೆ ಎಲ್ಲಿ ಎಂಬುದನ್ನು ಹೇಳಬೇಕು. ನಾನು ಹುಟ್ಟಿದ್ದು ಸಾಗರ ತಾಲ್ಲೂಕಿನಲ್ಲಿ, ಶರಾವತಿಯ ದಂಡೆಯ ಒಂದು ಹಳ್ಳಿಯಲ್ಲಿ, 1957ರಲ್ಲಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ ನಮ್ಮನ್ನು ಲಾರಿಯಲ್ಲಿ ಹೇರಿ ಶಿವಮೊಗ್ಗದ ಕಡೆಯ ಒಂದು ಕಾಡಿಗೆ ತಂದು ಇಳಿಸಿದರು. ಲಾರಿಯಲ್ಲಿ ಅಜ್ಜಿ ಮಡಿಲಲ್ಲಿ ದೇವರ ಪೆಟ್ಟಿಗೆ ಇಟ್ಟುಕೊಂಡಿದ್ದಳು, ನನ್ನ ಮಡಿಲಲ್ಲಿ ಬೆಕ್ಕು ಇತ್ತು. ದಾರಿಯಲ್ಲಿ ಬೆಕ್ಕು ಹಾರಿ ಹೋಯಿತು. ಆ ವಯಸ್ಸಿನಲ್ಲಿ ನನಗೆ ನಷ್ಟವೆಂದರೆ ಬೆಕ್ಕು ಒಂದೇ.

ನಮ್ಮ ಕಡೆಯ ಜನ ತಮ್ಮನ್ನು ಮುಳುಗಡೆಯವರು ಎಂದು ಕರೆದುಕೊಳ್ಳುತ್ತಾರೆ. ಯಾವ ಊರು ಎಂದು ಕೇಳಿದರೆ "ನಾವು ಮುಳುಗಡೆಯವರು" ಎನ್ನುತ್ತಾರೆ. ನನ್ನ ಮಗಳು ಹತ್ತು ವರ್ಷದವಳಾಗುವ ತನಕ ಮುಳುಗಡೆ ಎಂಬುದು ಒಂದು ಊರಿನ ಹೆಸರೆಂದೇ ತಿಳಿದಿದ್ದಳು. ರಜೆಯಲ್ಲಿ ಒಮ್ಮೆ ಅಜ್ಜನ ಮನೆಯ ನಕಾಶೆಯಲ್ಲಿ ಆ ಊರನ್ನು ಹುಡುಕುತ್ತ ಕೂತಿದ್ದಳು. ನನ್ನ ತಂದೆ ಅವಳ ಬೆರಳು ಹಿಡಿದು ನೀಲಿ ಬಣ್ಣದ ಮೇಲೆ ಇಟ್ಟರು. "ಇದು ನೀರಲ್ಲವಾ ಅಜ್ಜ?" ಎಂದಳು. "ಹೌದು, ಅದೇ" ಎಂದರು.

ತಂದೆ ಆ ಅಣೆಕಟ್ಟನ್ನು ಬೈದದ್ದನ್ನು ನಾನು ಕೇಳಿಲ್ಲ. ಸ್ವಾತಂತ್ರ್ಯ ಬಂದು ಹತ್ತು ಹದಿನೈದು ವರ್ಷ. ನಾಡಿಗೆ ಬೆಳಕು ಬರುತ್ತದೆ, ತೋಟ ಬಿಟ್ಟುಕೊಡಿ ಎಂದರೆ ಅವರಂಥವರು ನಂಬಿ ಬಿಟ್ಟುಕೊಟ್ಟರು. ಬೆಳಕೂ ಬಂತು. ಶರಾವತಿಯ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟು, ಬೆಂಗಳೂರಿನ ಎಷ್ಟೋ ಕಾರ್ಖಾನೆಗಳು ಅದರಿಂದ ತಿರುಗಿದವು. ನಮ್ಮ ಹೊಸ ಮನೆಗೆ ದೀಪ ಬಂದದ್ದು 1978ರಲ್ಲಿ. ಅಷ್ಟರಲ್ಲಿ ನಾನು ಚಿಮಣಿ ದೀಪದಲ್ಲಿ ಓದಿ ಡಿಪ್ಲೊಮಾ ಮುಗಿಸಿದ್ದೆ, ಅದೂ ಎಲೆಕ್ಟ್ರಿಕಲ್ ಡಿಪ್ಲೊಮಾ. ನಗಬೇಡಿ. ಇನ್ನು ಭೂಮಿಯ ಹಕ್ಕುಪತ್ರದ ಕಥೆ. ಅರಣ್ಯ ಇಲಾಖೆ, ಕಂದಾಯ ಇಲಾಖೆ, ಕೋರ್ಟು ಎಂದು ಶರಾವತಿಯ ಎಷ್ಟೋ ಸಂತ್ರಸ್ತರು ಅರವತ್ತು ವರ್ಷ ಕಳೆದ ಮೇಲೂ ಅಲೆಯುತ್ತಿದ್ದಾರೆ. ಅದನ್ನು ಬರೆಯಹೊರಟರೆ ಸಂಪಾದಕರು ಇನ್ನೊಂದು ಸಂಚಿಕೆ ಕೊಡಬೇಕಾಗುತ್ತದೆ.

ಸೈಲೆಂಟ್ ವ್ಯಾಲಿ ಉಳಿಯಿತು ಎಂಬ ಸುದ್ದಿ ಬಂದಾಗ ನಾನು ತಂದೆಗೆ ಒಂದು ಇನ್‌ಲ್ಯಾಂಡ್ ಪತ್ರದ ತುಂಬ ಅದನ್ನೇ ಬರೆದಿದ್ದೆ. ಉತ್ತರ ಬಂತು. ಈಗಲೂ ನನ್ನ ಬಳಿ ಇದೆ. "ಚಿರಂಜೀವಿಗೆ ಆಶೀರ್ವಾದ. ನೀನು ಬರೆದ ಕಾಡಿನ ವಿಷಯ ತಿಳಿದು ಸಂತೋಷ. ಅಲ್ಲಿಯ ಮರಗಳಿಗೆ ಕೇಳುವವರಿದ್ದರು. ಅಡಿಕೆ ಧಾರಣೆ ಇಳಿದಿದೆ. ಕೆಮ್ಮು ಹಾಗೆಯೇ ಇದೆ." ಅಷ್ಟೇ. ನಾಲ್ಕು ವಾಕ್ಯಗಳ ನಡುವೆ ಒಂದು ವಾಕ್ಯ. ಅವತ್ತು ಅದನ್ನು ಓದಿ ಕೆಮ್ಮಿಗೆ ಔಷಧಿ ಕಳಿಸಿದೆ. ಉಳಿದುದಕ್ಕೆ ಉತ್ತರ ಬರೆಯಲಿಲ್ಲ.

ಹೀಗಾಗಿ, ಹೊಳೆಯ ದಡದಲ್ಲಿ ಮಗಳು ಕೇಳಿದ ಪ್ರಶ್ನೆ ನನಗೆ ಹೊಸದಾಗಿರಲಿಲ್ಲ. ನಲವತ್ತು ವರ್ಷ ಪೆಟ್ಟಿಗೆಯಲ್ಲಿಟ್ಟಿದ್ದ ಪತ್ರವನ್ನು ಅವಳು ಬಾಯಿಬಿಟ್ಟು ಓದಿದಳು, ಅಷ್ಟೇ. ಕಾಲ ಬೇರೆ ಎಂದು ನಾನು ಹೇಳಬಹುದಿತ್ತು. 1960ರಲ್ಲಿ ಅಣೆಕಟ್ಟನ್ನು ಪ್ರಶ್ನಿಸುವ ಭಾಷೆಯೇ ಯಾರ ಬಳಿಯೂ ಇರಲಿಲ್ಲ, ಅದು ನಿಜ. ಕನ್ನಡಿಗರೂ ಮುಂದೆ ಕಲಿತರು. ಉತ್ತರ ಕನ್ನಡದ ಬೇಡ್ತಿ ಯೋಜನೆಯನ್ನು ಶಿರಸಿ ಸೀಮೆಯ ಅಡಿಕೆ ಬೆಳೆಗಾರರು ವಿಜ್ಞಾನಿಗಳನ್ನು ಕರೆಸಿ, ಲೆಕ್ಕ ಹಾಕಿಸಿ, ಎಂಬತ್ತರ ದಶಕದ ಆರಂಭದಲ್ಲಿ ತಡೆದರು. ಇಂಥ ಉತ್ತರಗಳು ನನ್ನಲ್ಲಿ ಬೇಕಾದಷ್ಟಿವೆ. ಆದರೆ ಮಗಳು ಕೇಳಿದ್ದು ಇತಿಹಾಸವನ್ನಲ್ಲ. ನಿನ್ನ ಮನೆಗೆ ಯಾರೂ ಬರಲಿಲ್ಲವಾ ಎಂದು ಕೇಳಿದಳು. ಇಲ್ಲ, ಯಾರೂ ಬರಲಿಲ್ಲ. ಇದನ್ನು ಹದಿನಾರು ಮಂದಿಯ ಎದುರು ಹೇಳಲು ನಾಲಗೆ ಏಳಲಿಲ್ಲ.

ವ್ಯಾನಿನಲ್ಲಿ ವಾಪಸು ಬರುವಾಗ ಅವಳು ನನ್ನ ಪಕ್ಕ ಬಂದು ಕೂತು "ಬೇಸಿಗೆಯಲ್ಲಿ ನೀರು ಇಳಿಯುತ್ತದಂತಲ್ಲ, ಕರೆದುಕೊಂಡು ಹೋಗು" ಎಂದಳು.

ಮೇ ತಿಂಗಳಲ್ಲಿ ಹೋದೆವು. ಸಾಗರದಿಂದ ಹೊಳೆಬಾಗಿಲಿಗೆ, ಅಲ್ಲಿಂದ ಲಾಂಚಿನಲ್ಲಿ ಹಿನ್ನೀರು ದಾಟಿ ಆಚೆ ದಡಕ್ಕೆ. ಬಸ್ಸು, ಕಾರು, ಹಾಲಿನ ಕ್ಯಾನು, ಸಿಗಂದೂರಿನ ಭಕ್ತರು ಎಲ್ಲರೂ ಒಂದೇ ಲಾಂಚಿನಲ್ಲಿ. ಈಗ ನೀವು ಹೋದರೆ ಆ ಲಾಂಚನ್ನು ಕಾಯಬೇಕಿಲ್ಲ, 2025ರ ಜುಲೈಯಲ್ಲಿ ಅಲ್ಲಿ ದೊಡ್ಡ ಸೇತುವೆ ಆಯಿತು. ಆಚೆ ದಡದ ಜನ ಅರವತ್ತು ವರ್ಷ ಅದಕ್ಕಾಗಿ ಕಾದರು. ಶರಾವತಿ ಕೊಳ್ಳದ ಕಾಡಿನಲ್ಲೂ ಸಿಂಗಳೀಕಗಳಿವೆ, ಅವುಗಳ ಹೆಸರಿನಲ್ಲೇ ಒಂದು ಅಭಯಾರಣ್ಯವಿದೆ. ಆ ಕೊಳ್ಳದಲ್ಲಿ, ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, ನೀರನ್ನು ಮೇಲಕ್ಕೆತ್ತಿ ಮತ್ತೆ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ 2,000 ಮೆಗಾವ್ಯಾಟಿನ ಯೋಜನೆಯ ಪ್ರಸ್ತಾಪವಾಗಿ 2025ರಲ್ಲಿ ಜನ ಬೀದಿಗಿಳಿದರು. ವಿರೋಧದ ಒಂದು ಮನವಿಗೆ ಮಗಳು ಕಾಕ್ಕನಾಡಿನ ಆಫೀಸಿನಲ್ಲಿ ಕೂತು ಸಹಿ ಹಾಕಿದಳು. ನಾನೂ ಹಾಕಿದೆ. ಎಲೆಕ್ಟ್ರಿಕಲ್ ಡಿಪ್ಲೊಮಾದವನ ಕೈ ಸ್ವಲ್ಪ ನಡುಗಿತು, ಸುಳ್ಳು ಹೇಳುವುದಿಲ್ಲ.

ಮೇ ತಿಂಗಳ ಮಾತಿಗೆ ಬರುತ್ತೇನೆ. ನೀರು ತುಂಬಿದಾಗ 1,819 ಅಡಿಗೆ ನಿಲ್ಲುವ ಆ ಜಲಾಶಯ ಅಂದು ಬಹಳ ಕೆಳಗೆ ಇಳಿದಿತ್ತು. ಕೆಸರು ಒಣಗಿ ಬಿರುಕು ಬಿಟ್ಟ ಬಯಲು. ನಡುನಡುವೆ ಮುಳುಗಿ ಸತ್ತ ಮರಗಳ ಮೋಟುಗಳು, ಇಷ್ಟು ವರ್ಷವಾದರೂ ಕೊಳೆಯದೆ ಕಪ್ಪಗೆ ನಿಂತಿದ್ದವು. ಸೈಲೆಂಟ್ ವ್ಯಾಲಿಯಲ್ಲಿ ಬಿದ್ದ ಮರ ಪಾಚಿ, ಜರಿಗಿಡ, ಹುಳು ಆಗಿ ಹೋಗುತ್ತದೆ. ಇಲ್ಲಿ ಮರಕ್ಕೆ ಮಣ್ಣಾಗಲೂ ಬಿಡುವು ಸಿಕ್ಕಿಲ್ಲ ಅನ್ನಿಸಿತು. ಬಿಸಿಲಲ್ಲಿ ಒಂದು ಗಂಟೆ ನಡೆದೆವು. ದಾರಿ ತೋರಿಸಲು ಬಂದಿದ್ದ ಹಿರಿಯರೊಬ್ಬರು ಇದು ಇಂಥವರ ಗದ್ದೆ, ಇದು ಹಳೆಯ ಕೆರೆ, ಇದು ಬ್ರಿಟಿಷರ ಕಾಲದ ರಸ್ತೆ ಎಂದು ಖಾಲಿ ಬಯಲಿನಲ್ಲಿ ಒಂದು ಊರನ್ನು ಕಟ್ಟುತ್ತ ಹೋದರು. ನನ್ನ ಮಗಳು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡಿದ್ದಳು. ಏಕೆಂದು ನಾನು ಕೇಳಲಿಲ್ಲ.

ಒಂದು ದಿಣ್ಣೆಯ ಮೇಲೆ ಕಲ್ಲಿನ ಅಡಿಪಾಯಗಳು ಕಂಡವು. ನಾಲ್ಕೈದು ಮನೆಗಳದು. ಒಂದರ ಮುಂದೆ ತುಳಸಿಕಟ್ಟೆಯ ಬುಡ, ಇನ್ನೊಂದರಲ್ಲಿ ಒರಳು ಕಲ್ಲು, ಅದರ ಗುಳಿಯಲ್ಲಿ ಕೆಸರು.

"ಅಪ್ಪಾ, ನಮ್ಮದು ಯಾವುದು?"

ನಾನು ಒರಳು ಕಲ್ಲಿನ ಮನೆಯನ್ನು ತೋರಿಸಿದೆ.

ಮಿತ್ರರೇ, ಅದು ನಮ್ಮದೋ ಅಲ್ಲವೋ ನನಗೆ ಗೊತ್ತಿಲ್ಲ. ಊರು ಬಿಟ್ಟಾಗ ನನಗೆ ಐದು ವರ್ಷ. ನನಗೆ ನೆನಪಿರುವುದು ಜಗುಲಿಯ ತಂಪು ಮತ್ತು ಬೆಕ್ಕು. ತೋರಿಸಬಲ್ಲ ತಂದೆ 1996ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಒಂದು ಬೇಸಿಗೆಯಲ್ಲಾದರೂ ಅವರನ್ನು ಇಲ್ಲಿಗೆ ಕರೆತಂದು ಕೇಳಬಹುದಿತ್ತು. ರಜೆ ಸಿಗಲಿಲ್ಲ, ರೈಲು ಟಿಕೆಟ್ಟು ಸಿಗಲಿಲ್ಲ, ನಾನು ಕೇಳಲಿಲ್ಲ.

ಮಗಳು ಆ ಒರಳು ಕಲ್ಲಿನ ಪಕ್ಕ ಕುಳಿತು ಗುಳಿಯ ಕೆಸರನ್ನು ಬೆರಳಿನಿಂದ ತೆಗೆದು ತೆಗೆದು ಹಾಕಿದಳು. ಕಲ್ಲು ಕಂಡ ಮೇಲೆ ಒಂದು ಫೋಟೋ ತೆಗೆದುಕೊಂಡಳು. ಈಗ ಅದು ಚೌಕಟ್ಟಿನೊಳಗೆ ನಮ್ಮ ತ್ರಿಪ್ಪುಣಿತ್ತುರದ ಮನೆಯ ಹಜಾರದಲ್ಲಿದೆ. ನೀವು ಬಂದಾಗ ನೋಡಿರುತ್ತೀರಿ, ಕೆಳಗೆ 'ನಮ್ಮ ಮನೆ' ಎಂದು ಕನ್ನಡದಲ್ಲಿ ಬರೆದಿದ್ದಾಳೆ. ಒತ್ತಕ್ಷರ ಸ್ವಲ್ಪ ಸೊಟ್ಟಗಿದೆ. ಈ ಸಂಚಿಕೆ ಮನೆಗೆ ಬಂದ ದಿನ ಅವಳು ಇದನ್ನು ಓದುತ್ತಾಳೆ. ಆ ದಿನ ನಾನು ಹಿಲ್ ಪ್ಯಾಲೆಸ್ಸಿನ ಕಡೆ ಸಂಜೆಯ ನಡಿಗೆಗೆ ಸ್ವಲ್ಪ ಬೇಗನೇ ಹೊರಡಬೇಕೆಂದಿದ್ದೇನೆ.